ಕಂಬಳಿ ಹಾಸಿ ಕೊಟ್ಟ ಮಾತು

ಕೌಜಲಗಿ
9 ಜೂನ್ 2024

ಮಗಳು ಕಸ್ತೂರಿಗೆ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಸಮಾಚಾರ ಇರಬೇಕೆಂದು ನಾಲ್ಕನೆಯ ಇಯತ್ತೆಯಲ್ಲಿ ನಿನಗೆ ಕಲಿಸಿದವನೇ ನಾನು. ಆದ್ದರಿಂದ ಬರೆಯುತ್ತೇನೆ: ನನ್ನ ಎಡ ಮೊಣಕಾಲನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಅಪ್ಪ ಹೊಳೆಪ್ಪ ನಮ್ಮ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿ ಬರೆಸುತ್ತಿದ್ದಾನೆ. ಫೋನು ಕೊಟ್ಟರೆ ನೀನು ಹಳ್ಳದ ಆಚೆ ದಂಡೆಯಲ್ಲಿ ನಿಂತಿದ್ದೀಯೆಂದು ತಿಳಿದು ಕೂಗುತ್ತಾನೆ. ನಿನಗೋ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಇಬ್ಬರ ಗಂಟಲೂ ಉಳಿಯಲಿ ಎಂದು ಕಾಗದಕ್ಕೆ ಕೈ ಹಾಕಿದ್ದೇವೆ. ನನ್ನ ಸೊಸೆ ಫರೀನ ಇದರ ಫೋಟೊ ತೆಗೆದು ಕಳಿಸುತ್ತಾಳೆ. ನಿನ್ನದು ಬಂದರೆ ಗೋಕಾಕದಲ್ಲಿ ಪ್ರಿಂಟ್ ತೆಗೆಸಿ ತರುತ್ತಾಳೆ.

ಅವನ ಮಾತು ಅವನ ಬಾಯಲ್ಲೇ ಕೇಳು: “ಬರೀರಿ ಮಾಸ್ತರ. ಮಳಿ ಹಿಡೀತಂದ್ರ ಎರಿ ಹೊಲದ ಕೆಸರಾಗ ಕುರಿ ನಿಂದ್ರಂಗಿಲ್ಲ, ಗೊರಸು ಕೊಳೀತಾವ. ನಾಡದು ಹಿಂಡು ಹೊಡಕೊಂಡು ಹುಕ್ಕೇರಿ ಕಡೆ ಕರಿಗುಡ್ಡ ಏರತೀವಿ. ಮಾನೌಮಿ ಮಟಾ ಅಲ್ಲೇ. ನೀ ಇರೂ ಆ ದೇಶದಾಗ ಕುರಿ ಬಾಲ ಭಾಳ ದಪ್ಪ ಅಂತಲ್ಲ, ಖರೆ ಏನು? ಅವನ್ನ ಕಾಯೋರು ಯಾರು?”

ಅವನು ಗುಡ್ಡ ಹತ್ತಿದರೆ ನಿನ್ನ ಕಾಗದ ಓದಿ ಹೇಳುವವರಾರು ಎಂದು ಕೇಳಬೇಡ. ಹುಕ್ಕೇರಿಯಲ್ಲಿ ಮಗಳು ಸಾಯಿರಾಳ ಮನೆಯಿದೆ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಲು ನನಗೊಂದು ನೆಪ ಬೇಕಿತ್ತು. ಈ ಸುತ್ತಿನಲ್ಲಿ ಇಂಗ್ಲಿಷ್ ಕಾಗದ ಬಂದರೂ ಮೈನೋದ್ದೀನ ಮಾಸ್ತರನ ಕಟ್ಟೆಗೇ ಬರುತ್ತದೆ, ಕನ್ನಡದ್ದು ಬಂದರೂ ನನ್ನ ಕಟ್ಟೆಗೇ. ನಿವೃತ್ತಿಯಾಗಿ ಹದಿಮೂರು ವರ್ಷವಾದರೂ ಪಗಾರವಿಲ್ಲದ ಈ ನೌಕರಿ ನಡೆದಿದೆ.

ಇನ್ನೊಂದು ಮಾತು, ಇದು ನನ್ನದು. ಏಳನೆಯ ಇಯತ್ತೆಯಲ್ಲಿ ‘1652ರಲ್ಲಿ ಡಚ್ಚರು ಕೇಪ್‌ನಲ್ಲಿ ನೆಲೆ ನಿಂತರು’ ಎಂಬ ಸಾಲು ಕಲಿಸುವಾಗ ನೀನು ಎದ್ದು ನಿಂತು “ಅಲ್ಲಿ ಮೊದಲ ಯಾರ್ ಇದ್ದರ್ರಿ ಸರ?” ಎಂದು ಕೇಳಿದ್ದೆ. “ಅದು ಪರೀಕ್ಷಾಕ ಬರೂದಿಲ್ಲ, ಕೂಡು” ಎಂದಿದ್ದೆ. ಈಗ ಕುರಿ ಡಾಕ್ಟರಾಗಿ ಅಲ್ಲಿಗೇ ಹೋಗಿದ್ದೀ. ನೋಡಿ ಬರೆ.

ನಿನ್ನ ಮಾಸ್ತರ,
ಮೈನೋದ್ದೀನ


ಸ್ಟೇನ್‌ಫೋಂಟೇನ್, ದಕ್ಷಿಣ ಆಫ್ರಿಕಾ
23 ಜೂನ್ 2024

ಮಾಸ್ತರ್ ಅವರಿಗೆ, ಅಪ್ಪನಿಗೆ,

ನಾನು ಕ್ಷೇಮ. ಇಲ್ಲಿ ಈಗ ಚಳಿಯೂ ಮಳೆಯೂ ಒಟ್ಟಿಗೇ. ಗಾಳಿ ಒಂದು ಗಳಿಗೆ ಸುಮ್ಮನಿರುವುದಿಲ್ಲ, ಮನೆಯ ತಗಡು ದಿನವಿಡೀ ಬಡಿದುಕೊಳ್ಳುತ್ತದೆ. ನನಗೂ ಒಂದು ಕಡೆ ಕೂರಲಾಗುತ್ತಿಲ್ಲ. ಏನೋ ಮರೆತು ಬಂದವಳ ಹಾಗೆ ಒಳಗೂ ಹೊರಗೂ ಓಡಾಡುತ್ತೇನೆ.

ಅಪ್ಪ, ಬಾಲ ದಪ್ಪವಿರುವುದು ಖರೆ. ಕೊಬ್ಬೆಲ್ಲ ಬಾಲದಲ್ಲೇ. ಅಂಥ ಕುರಿ ಈಗ ಕಡಿಮೆ, ಈ ಊರಿನಲ್ಲಿ ನಾಲ್ಕಾರು ಉಳಿದಿವೆ.

ಮಾಸ್ತರ್, ನಿಮ್ಮ ಪ್ರಶ್ನೆಗೆ ಉತ್ತರ: ಇಲ್ಲಿ ಮೊದಲು ಇದ್ದವರು ನಮ್ಮವರೇ. ನಮ್ಮವರೆಂದರೆ ಕುರಿಯವರು. ನಾಮಾ ಜನ. ಹುಲ್ಲು ಇದ್ದಲ್ಲಿಗೆ ಹಿಂಡು ಹೊಡೆದುಕೊಂಡು ಹೋಗುವವರು, ಜೊಂಡಿನ ಚಾಪೆ ಹೊದಿಸಿದ ದುಂಡನೆಯ ಮನೆಯನ್ನು ಬಿಚ್ಚಿ ಎತ್ತಿನ ಮೇಲೆ ಹೇರುವವರು. ನಮ್ಮ ಪುಸ್ತಕದಲ್ಲಿ ಇವರನ್ನು ಹಾಟೆಂಟಾಟರೆಂದು ಬರೆದಿತ್ತು. ಬಂದ ವಾರ ಅಂಗಡಿಯಲ್ಲಿ ಆ ಶಬ್ದ ಆಡಿಬಿಟ್ಟೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಲ್ಲಿ ಅದು ಬೈಗುಳ, ಮಾಸ್ತರ್. ನೀವು ಕಲಿಸಿದ ಪಾಠಕ್ಕೆ ನಾನು ಕ್ಷಮೆ ಕೇಳಬೇಕಾಯಿತು.

ನಾನಿರುವುದು ಲೆನಾ ಎಂಬ ಅಜ್ಜಿಯ ಮನೆಯಲ್ಲಿ. ಎಂಬತ್ತೊಂದು ವರ್ಷ, ಕುರಿ ಹನ್ನೊಂದು, ಮೇಕೆ ಹತ್ತು. ಇವರ ಭಾಷೆಯಲ್ಲಿ ನಡುನಡುವೆ ನಾಲಗೆಯನ್ನು ಅಂಗುಳಕ್ಕೆ ಬಡಿದು ಸದ್ದು ಹೊರಡಿಸಬೇಕು. ಅಜ್ಜಿಗೆ ಈಗ ಅದರಲ್ಲಿ ಕುರಿ ಕರೆಯುವ ಮಾತು, ಬೈಗುಳ ಮತ್ತು ಒಂದು ಜೋಗುಳ ಅಷ್ಟೇ ಉಳಿದಿವೆ. ಬಿಳಿಯರ ಭಾಷೆಯಲ್ಲೇ ಮಾತಾಡುತ್ತಾಳೆ. ಅವಳ ಮಾತನ್ನು ನಮ್ಮೂರ ಬಾಯಲ್ಲಿ ಬರೆಯುತ್ತೇನೆ, ಇಲ್ಲವಾದರೆ ಅಪ್ಪನಿಗೆ ಸಪ್ಪೆ ಅನಿಸುತ್ತದೆ: “ಸಾಲ್ಯಾಗ ನಮ್ಮ ಮಾತು ಒಂದ ಆಡಿದ್ರ ಒಂದ ಛಡಿ ಏಟು. ನಾ ಶ್ಯಾಣ್ಯಾಕಿ, ಲಗೂನ ಮರತೆ.”

ಊರಿನ ಹೆಸರಿನ ಅರ್ಥ ಕಲ್ಲುಝರಿ. ಝರಿ ಮಾತ್ರ ಊರವರಿಗಿಲ್ಲ. ಅದು ತಂತಿ ಬೇಲಿಯ ಆಚೆ, ಹೆಂಡ್ರಿಕ್ ಎಂಬ ಬಿಳಿಯ ರೈತನ ಜಾಗದಲ್ಲಿದೆ. ವಿಶ್ವವಿದ್ಯಾಲಯದ ಕೆಲಸದ ಮೇಲೆ ನಾನು ವಾರಕ್ಕೆರಡು ದಿನ ಬೇಲಿಯ ಆಚೆಯ ಕುರಿ ನೋಡುತ್ತೇನೆ, ಉಳಿದ ದಿನ ಈಚೆಯವು. ರೋಗ ಎರಡೂ ಕಡೆ ಒಂದೇ.

ಅಪ್ಪನಿಗೆ ಗುಡ್ಡದ ಮೇಲೆ ಚಳಿಯಲ್ಲಿ ಕಿವಿ ಮುಚ್ಚಿಕೊಳ್ಳಲು ಹೇಳಿರಿ.

ನಿಮ್ಮ
ಕಸ್ತೂರಿ


ಹುಕ್ಕೇರಿ
7 ಜುಲೈ 2024

ಮಗಳೇ,

ಸಾಯಿರಾಳ ಮನೆಯಿಂದ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಗುಡ್ಡದ ಮೇಲೆ ಹದಿನೆಂಟು ಜನ ಕುರುಬರ ಮುಂದೆ ಓದಿದೆ. ಲೆನಾ ಅಜ್ಜಿಯ ಮಾತಿಗೆ ಅವರಲ್ಲಿ ಲಗಮಣ್ಣ ನಕ್ಕ, ಆಮೇಲೆ ಅದನ್ನೇ ಇನ್ನೊಮ್ಮೆ ಓದಿಸಿದ. ನಿನ್ನ ಅಪ್ಪ ಅಜ್ಜಿಯ ಹಿಂಡಿನ ಲೆಕ್ಕ ಹಿಡಿದು “ಹನ್ನೊಂದ ಕುರ್ಯಾಗ ಹ್ಯಾಂಗ ಬದುಕತಾಳ ಆಕಿ?” ಎಂದು ಮೂರು ಸಲ ಕೇಳಿದ. ಪುಸ್ತಕದ ಆ ಶಬ್ದಕ್ಕೆ ನಾನೂ ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ, ಅಜ್ಜಿಗೆ ಮುಟ್ಟಿಸು.

ಇಲ್ಲಿ ಒಂದು ಸಂಭ್ರಮ ನಡೆಯಿತು. ಬುಧವಾರ ಕರಿಗುಡ್ಡಕ್ಕೆ ಒಂದು ಜೀಪು ಬಂತು. ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವನಂತೆ, ಪುಣೆಯ ಕಡೆಯ ಮನುಷ್ಯ. ಗಾಳಿ ಅಳೆಯುವ ಕಂಬವೊಂದನ್ನು ಒಂದು ವರ್ಷದ ಮಟ್ಟಿಗೆ ನಿಲ್ಲಿಸುತ್ತೇವೆ, ನಿಮ್ಮ ತಕರಾರಿಲ್ಲ ಅಂತ ಬರೆದುಕೊಡಿ ಎಂದ. ನಿನ್ನ ಅಪ್ಪ ಹಿರಿಯನಲ್ಲವೇ, ಪದ್ಧತಿಯಂತೆ ಕಂಬಳಿ ಹಾಸಿದ. ಆ ಮನುಷ್ಯ ಬೂಟು ಕಳಚಿ ಕಂಬಳಿಯ ಮೇಲೆ ಕೂತ, ತೆಂಗಿನಕಾಯಿ ಇಟ್ಟ, ಐದು ಎಲೆಯ ವೀಳ್ಯ ಕೊಟ್ಟ. ಯಾರು ಕಲಿಸಿ ಕಳಿಸಿದ್ದರೋ, ಒಂದೂ ತಪ್ಪಲಿಲ್ಲ.

ನಿನಗೆ ಗೊತ್ತಿದೆ, ಬೇರೆ ಸೀಮೆಯ ಹಿಂಡು ಗುಡ್ಡಕ್ಕೆ ಬರಬೇಕಾದರೆ ಹೀಗೆಯೇ ವೀಳ್ಯ ಕೊಟ್ಟು ಕೇಳುತ್ತದೆ, ಹೇಳಿದ ದಿನಕ್ಕೆ ಇಳಿದು ಹೋಗುತ್ತದೆ. ಕಂಬಳಿಯ ಮೇಲೆ ಆಡಿದ ಮಾತಿಗೆ ತಪ್ಪಿದವರನ್ನು ನಾನಂತೂ ಕಂಡಿಲ್ಲ. ಕಾಗದ ಓದಿ ಹೇಳಿದ ಮೇಲೆ ಹದಿನೆಂಟೂ ಜನ ಹೆಬ್ಬೆಟ್ಟು ಒತ್ತಿದರು. ನಿನ್ನ ಅಪ್ಪ ಹೇಳಿದ್ದು ಇಷ್ಟೇ: “ಗಾಳಿ ಅಳ್ಯಾವ್ರು ಅಳೀಲಿ. ಗಾಳಿ ಏನ್ ನಮ್ಮ ಕುರಿ ತಿಂತೈತೇನು?”

ಮಳೆ ಚೆನ್ನಾಗಿದೆ. ಹುಲ್ಲು ಮೊಣಕಾಲಿಗೆ ಬಂದಿದೆ.

ನಿನ್ನ ಮಾಸ್ತರ,
ಮೈನೋದ್ದೀನ


ಸ್ಟೇನ್‌ಫೋಂಟೇನ್
28 ಜುಲೈ 2024

ಮಾಸ್ತರ್ ಅವರಿಗೆ,

ಮಳೆಗಾಳಿಗೆ ಸಿಗ್ನಲ್ ಹೋಗಿ, ನಿಮ್ಮ ಕಾಗದ ಕೈಗೆ ಬಂದದ್ದು ನಿನ್ನೆ. ಆಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕಂಬಳಿ, ತೆಂಗಿನಕಾಯಿ, ಹೆಬ್ಬೆಟ್ಟು ಎಲ್ಲವನ್ನೂ ಲೆನಾ ಅಜ್ಜಿಗೆ ಹೇಳಿದೆ, ನಮ್ಮ ಪದ್ಧತಿ ಎಂಥದು ನೋಡು ಎಂಬ ಹೆಮ್ಮೆಯಿಂದಲೇ ಹೇಳಿದೆ. ಅವಳು ಕಾಫಿಯ ಬಟ್ಟಲನ್ನು ಕೆಳಗಿಟ್ಟಳು.

“ನಮ್ಮಲ್ಲೂ ಹಿಂಗ ಆತು,” ಎಂದಳು. “ನಮ್ಮ ಮುತ್ತಜ್ಜನ ಕಾಲಕ್ಕ. ಗಾಡಿ ಎತ್ತು ಕಟಗೊಂಡು ಒಬ್ಬ ಬಿಳ್ಯಾ ಬಂದ. ಝರಿ ಇನ್ನಾ ದೂರ ಇರಬೇಕಾದ್ರನ ನಿಂತ, ಕರಿಯೂ ಮಟಾ ಬರಲಿಲ್ಲ. ನಮ್ಮ ರಿವಾಜು ಗೊತ್ತಿತ್ತು ಅವಂಗ. ತಂಬಾಕ ಕೊಟ್ಟ. ನಮ್ಮವ್ರು ಹಾಲು ಕೊಟ್ರು. ಒಂದ ಬಟ್ಟಲದಾಗ ಹಾಲು ಕುಡದಾಂವ ಮೋಸ ಮಾಡಂಗಿಲ್ಲ ಅಂತ ನಮ್ಮ ಮಂದಿ ನಂಬಿದ್ರು. ಒಂದು ಚಳಿಗಾಲ ಎತ್ತಿಗೆ ನೀರು ಬೇಕು ಅಂದ, ಬರದಕೊಡ್ರಿ ಅಂದ. ಆ ಚಳಿಗಾಲ ಇನ್ನಾ ಮುಗದಿಲ್ಲ ನೋಡು.”

ಇದು ಇವಳೊಬ್ಬಳ ಮನೆಯ ಕಥೆಯಲ್ಲ, ಮಾಸ್ತರ್. ಈ ಸೀಮೆಯ ತುಂಬ ಹೀಗೆಯೇ. ನೀವು ಕಲಿಸಿದ 1652ರ ಹಡಗಿನವರು ಮೊದಲು ಇವರ ಹತ್ತಿರ ಕುರಿ ಕೊಂಡರು, ಆಮೇಲೆ ಹುಲ್ಲುಗಾವಲು ಬೇಕೆಂದರು. ಇವರು ಹುಲ್ಲು ಕೊಟ್ಟೆವು ಅಂದುಕೊಂಡರು, ಅವರು ನೆಲ ಸಿಕ್ಕಿತು ಅಂದುಕೊಂಡರು. ಅರವತ್ತು ವರ್ಷಕ್ಕೆ ಇನ್ನೊಂದು ಹಡಗಿನಿಂದ ಒಗೆಯಲು ಇಳಿಸಿದ ಬಟ್ಟೆಯಲ್ಲಿ ಸಿಡುಬು ಬಂತು. ಹಟ್ಟಿಗೆ ಹಟ್ಟಿಯೇ ಖಾಲಿಯಾಯಿತು. ಉಳಿದವರು ಉತ್ತರಕ್ಕೆ, ಈ ಬರಡಿಗೆ ಸರಿದರು. ಬೇಲಿ ಅವರ ಬೆನ್ನ ಹಿಂದೆಯೇ ಇಲ್ಲಿಗೂ ಬಂತು.

ನನ್ನ ಮೈಯಲ್ಲಿ ನೆಲೆಯಿಲ್ಲ. ಇವತ್ತು ಒಂದೇ ಕುರಿಗೆ ಎರಡು ಸಲ ಸೂಜಿ ಚುಚ್ಚಿದೆ. ಕರಿಗುಡ್ಡ ಕೈಬಿಟ್ಟರೆ ಮಳೆಗಾಲದಲ್ಲಿ ನಮ್ಮ ಹಿಂಡು ಎಲ್ಲಿ ನಿಲ್ಲಬೇಕು? ಅಪ್ಪನಿಗೆ ಬೇರೆ ಕೆಲಸ ಗೊತ್ತಿದೆಯೇ?

ತಡಮಾಡದೆ ಬರೆಯಿರಿ. ಆ ಕಾಗದ ಯಾವ ಭಾಷೆಯಲ್ಲಿತ್ತು? ಎಷ್ಟು ಪುಟ? ಅದನ್ನು ಅಪ್ಪನಿಗೆ ಓದಿ ಹೇಳಿದವರು ಯಾರು? ನಕಲು ಕೊಟ್ಟರೇ? ನನ್ನ ಅಣ್ಣ ಸಿದ್ರಾಯಣ್ಣ ಅರ್ಧ ಹಿಂಡಿನೊಂದಿಗೆ ಹಿಡಕಲ್ ಡ್ಯಾಮಿನ ಹಿನ್ನೀರಿನ ಕಡೆ ಇದ್ದಾನೆ, ಅವನ ಫೋನು ಹತ್ತುತ್ತಿಲ್ಲ. ನನಗಿರುವುದು ನೀವೊಬ್ಬರೇ.

ಕಸ್ತೂರಿ


ಕೌಜಲಗಿ
11 ಆಗಸ್ಟ್ 2024

ಮಗಳು ಕಸ್ತೂರಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಗೋಕಾಕ ಫಾಲ್ಸ್ ತುಂಬಿ ಧುಮುಕುತ್ತಿದೆ. ಮಿಲ್ಲಿನ ತನಕ ನೀರಿನ ಧೂಳು ಹಾರುತ್ತದೆಂದು ಜನ ಬಸ್ಸು ಮಾಡಿಕೊಂಡು ನೋಡಲು ಹೋಗುತ್ತಿದ್ದಾರೆ. ನಮ್ಮ ಮನೆಯಾಕೆ ಹಜರತಬಿಯೂ ಹೋಗಬೇಕೆಂದು ಹಟ ಹಿಡಿದಿದ್ದಾಳೆ. ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದೇ ಬಂತು.

ನೀನು ಸಣ್ಣವಳಿದ್ದಾಗಲೂ ಹೀಗೆಯೇ. ಮೋಡ ಕಂಡರೆ ಸಿಡಿಲು ಬಿತ್ತು ಎನ್ನುವವಳು. ಅದು ಡಚ್ಚರ ಕಾಲ, ಪರದೇಶದವರ ದರಬಾರು. ಇಲ್ಲಿ ನಮ್ಮದೇ ಸರಕಾರವಿದೆ, ಹುಕ್ಕೇರಿಯಲ್ಲಿ ತಹಶೀಲ್ದಾರರಿದ್ದಾರೆ, ಕಾಯದೆಯಿದೆ. ಕಂಬ ನಿಂತಿದೆ, ಕುರಿ ಅದರ ಬುಡದಲ್ಲೇ ಮೇಯುತ್ತಿವೆ. ಕಾಗದ ಎರಡು ಪುಟದ್ದು. ಓದಬೇಕಾದವರು ಓದಿದರು, ಒತ್ತಬೇಕಾದವರು ಒತ್ತಿದರು. ಅದನ್ನೇ ಹಿಡಿದು ಜಗ್ಗಬೇಡ.

ನಿನ್ನ ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ.

ಮೈನೋದ್ದೀನ


ಸ್ಟೇನ್‌ಫೋಂಟೇನ್
1 ಸೆಪ್ಟೆಂಬರ್ 2024

ಮಾಸ್ತರ್ ಅವರಿಗೆ,

ನೀವು ಬೈದ ಮೇಲೆ ಎರಡು ವಾರ ಸುಮ್ಮನಿರಲು ನೋಡಿದೆ. ಆಗಲಿಲ್ಲ.

ಇಲ್ಲಿ ಈಗ ಹೂವಿನ ಕಾಲ. ಬರಡು ನೆಲವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಪಟ್ಟಣದಿಂದ ಕಾರುಗಳಲ್ಲಿ ಬಂದವರು ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕುರಿ ಹೂವು ತಿಂದರೆ ಅವರು ಲೆನಾ ಅಜ್ಜಿಯನ್ನು ಗದರುತ್ತಾರೆ.

ಶುಕ್ರವಾರ ಹೆಂಡ್ರಿಕ್ ಅವರ ಮನೆಗೆ ಹೋಗಿದ್ದೆ. ಕೆಟ್ಟ ಮನುಷ್ಯನಲ್ಲ. ಅಜ್ಜಿಗೆ ಕಾಯಿಲೆಯಾದಾಗ ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವನು. ಧೈರ್ಯ ಮಾಡಿ ಝರಿಯ ಕಾಗದದ ಬಗ್ಗೆ ಕೇಳಿದೆ. ಅವನು ಗೋಡೆಯ ಕಡೆ ಕೈ ತೋರಿಸಿದ. ಚೌಕಟ್ಟು ಹಾಕಿಸಿ ಗಾಜಿನೊಳಗೆ ಇಟ್ಟಿದ್ದಾರೆ, ನಮ್ಮಲ್ಲಿ ದೇವರ ಪಟ ಇಡುವ ಎತ್ತರದಲ್ಲಿ. 1871ನೆಯ ಇಸವಿ. ಡಚ್ ಭಾಷೆ. ಕೆಳಗೆ ಹನ್ನೊಂದು ಗುಣಾಕಾರದ ಗುರುತು, ಹೆಬ್ಬೆಟ್ಟಿನ ಬದಲಿಗೆ. “ನನ್ನ ಐದು ತಲೆ ಇಲ್ಲೇ ಮಣ್ಣಾಗ್ಯಾವ. ನಾ ಎಲ್ಲಿಗಿ ಹೋಗ್ಲಿ ಹೇಳು?” ಎಂದ. ನಾನು ಎದ್ದು ಆ ಗಾಜಿನ ಹತ್ತಿರ ಹೋಗಿ ನಿಂತೆ.

ಆ ಗುರುತುಗಳ ಬಾಜೂಕ್ಕೆ ಒಂದೇ ಒಂದು ಸಹಿ ಇತ್ತು. ಮುತ್ತು ಪೋಣಿಸಿದಂಥ ಅಕ್ಷರ. ಯಾರದೆಂದು ಅಜ್ಜಿಯನ್ನು ಕೇಳಿದೆ. ಮಿಷನ್ ಶಾಲೆಯ ಮಾಸ್ತರನದಂತೆ, ನಾಮಾ ಜನದವನೇ. ಊರಿನಲ್ಲಿ ಓದು ಬಲ್ಲವನು ಅವನೊಬ್ಬನೇ. ಅವನೇ ಆ ಕಾಗದವನ್ನು ಎಲ್ಲರಿಗೂ ಓದಿ, ‘ಒಂದು ಚಳಿಗಾಲ’ ಎಂದು ಹೇಳಿದನಂತೆ. ಅದರಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ.

“ಬೇಕಂತ ಮಾಡಿದನೋ, ತಿಳೀಲಾರದ ಮಾಡಿದನೋ?” ಎಂದು ಕೇಳಿದೆ.

“ಯಾರಿಗ್ಗೊತ್ತು? ಅವನ್ನ ಯಾರೂ ಕೇಳಲಿಲ್ಲ. ಮಾಸ್ತರನ ಹ್ಯಾಂಗ ಕೇಳೂದು ಅಂತ ನಾಚಿಕಿ ನಮ್ಮ ಮಂದಿಗೆ. ಅವಂಗೂ ತಾನಾಗಿ ಹೇಳಾಕ ಬಾಯಿ ಬರಲಿಲ್ಲ. ಮೂವತ್ತು ವರ್ಷ ಅದೇ ಊರಾಗ ಅದೇ ಮಂದಿ ಮಕ್ಕಳಿಗೆ ಅಕ್ಷರ ಕಲಿಸಿ ಸತ್ತ.”

ಅಪ್ಪನಿಗೆ ಇದನ್ನು ಪೂರ್ತಿ ಓದಿ ಹೇಳಿ ಮಾಸ್ತರ್. ಕೈ ಮುಗಿಯುತ್ತೇನೆ.

ಕಸ್ತೂರಿ


ಸ್ಟೇನ್‌ಫೋಂಟೇನ್
6 ಅಕ್ಟೋಬರ್ 2024

ಮಾಸ್ತರ್ ಅವರಿಗೆ,

ಐದು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಫರೀನ ಅತ್ತಿಗೆಯನ್ನು ಕೇಳಿದರೆ “ಮಾವಾರು ಬರಿಯಾಕ ಕುಂದ್ರತಾರ, ಹರದ ಒಗಿತಾರ” ಎಂದು ಬರೆದಳು.

ಸಿದ್ರಾಯಣ್ಣ ಫೋಟೊ ಕಳಿಸಿದ. ಕರಿಗುಡ್ಡದ ಸುತ್ತ ಕಲ್ಲುಕಂಬ, ಐದು ಎಳೆ ತಂತಿ, ಗೇಟಿಗೆ ಬೀಗ. ಮಹಾನವಮಿಗೆ ಇನ್ನೂ ತಿಂಗಳು ಇರುವಾಗಲೇ ಕಂಪನಿಯವರು ಹಿಂಡನ್ನು ಕೆಳಗಿಳಿಸಿದರಂತೆ. ಅಪ್ಪ ಮೂಡಲಗಿಯ ಹತ್ತಿರ ಕೆಸರಿನಲ್ಲಿ ನಿಂತಿರುವ ಫೋಟೊ ಕೂಡ ಇತ್ತು. ಗೊರಸು ಕೊಳೆತು ನಲವತ್ತು ಕುರಿ ಕುಂಟುತ್ತಿವೆ. ಮೈಲುತುತ್ತವನ್ನು ನೀರಿಗೆ ಹಾಕಿ ಕಾಲು ಅದ್ದಿಸಲು ಹೇಳಿದ್ದೇನೆ. ಒಣ ನೆಲವಿಲ್ಲದಿದ್ದರೆ ಅದರಿಂದಲೂ ಪ್ರಯೋಜನವಿಲ್ಲ.

ಆ ಕಾಗದ ಓದಿದ್ದು ಯಾರೆಂದು ಅವನನ್ನು ಕೇಳಿದೆ. “ನಾ ಅಲ್ಲಿರಲಿಲ್ಲ, ಮಾಸ್ತರನ್ನ ಕೇಳು” ಎಂದ. ಅದಕ್ಕೇ ಕೇಳುತ್ತಿದ್ದೇನೆ.

ಕಸ್ತೂರಿ


ಮೂಡಲಗಿ
13 ಅಕ್ಟೋಬರ್ 2024

ಕಸ್ತೂರಿ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಬಂದಾಗಿನಿಂದ ನಾನು ದಿನವೂ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ. ಓದಿದವನು ನಾನು.

ಅವತ್ತು ಜೀಪು ಬರುವ ಹೊತ್ತಿಗೆ ನಾನು ಗುಡ್ಡದ ಮೇಲೇ ಇದ್ದೆ. ನಿನ್ನ ಜೂನಿನ ಕಾಗದ ಓದಿ ಮುಗಿಸಿದ್ದೆ. ಎಲ್ಲರ ಕಣ್ಣೂ ನನ್ನ ಮೇಲಿತ್ತು. “ಇಂಗ್ಲಿಷ್ ಐತಿ, ನಮ್ಮ ಮಾಸ್ತರ ಓದತಾರ” ಎಂದು ನಿನ್ನ ಅಪ್ಪ ಆ ಮನುಷ್ಯನಿಗೆ ಎದೆಯುಬ್ಬಿಸಿ ಹೇಳಿದ. ಮೊದಲ ಪುಟ ತಿಳಿಯಿತು: ಕಂಬ, ಗಾಳಿ, ಒಂದು ವರ್ಷ. ಎರಡನೆಯ ಪುಟದಲ್ಲಿ ಒಂದೊಂದು ವಾಕ್ಯ ಅರ್ಧ ಪುಟದಷ್ಟು ಉದ್ದ, ವಕೀಲರ ಇಂಗ್ಲಿಷ್. ಕಣ್ಣಾಡಿಸಿದೆ. ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನುವ ಮಾತು ಗಂಟಲವರೆಗೆ ಬಂತು. ಎದುರಿಗೆ ಹದಿನೆಂಟು ಜನ, ಅವರಲ್ಲಿ ಆರು ಮಂದಿ ಒಂದನೆಯ ಇಯತ್ತೆಗೇ ಶಾಲೆ ಬಿಟ್ಟ ನನ್ನ ವಿದ್ಯಾರ್ಥಿಗಳು. “ಉಳಿದದ್ದೆಲ್ಲ ಕಾಯದೆ ಮಾತು, ಎಲ್ಲಾ ಕಾಗದದಾಗೂ ಇರತೈತಿ” ಎಂದು ಹೇಳಿ ಮಡಿಚಿ ಕೊಟ್ಟೆ.

ಮೊನ್ನೆ ಹುಕ್ಕೇರಿಯ ತಹಶೀಲ್ದಾರ್ ಕಚೇರಿಯಿಂದ ನಕಲು ತೆಗೆಸಿ ಒಬ್ಬ ವಕೀಲರಿಂದ ಓದಿಸಿದೆ. ಈ ಗುಡ್ಡದಲ್ಲಿ ನಾವು ಕುರಿ ಮೇಯಿಸುವುದಿಲ್ಲ, ಹಿಂದೆಯೂ ಮೇಯಿಸಿಲ್ಲ, ಮೂವತ್ತು ವರ್ಷಕ್ಕೆ ಕೊಟ್ಟರೆ ತಕರಾರಿಲ್ಲ ಎಂದು ಅದರಲ್ಲಿದೆ. ಹದಿನೆಂಟು ಹೆಬ್ಬೆಟ್ಟಿನ ಕೆಳಗೆ ಓದಿ ಹೇಳಿದವನೆಂದು ನನ್ನ ಸಹಿ. ಅಕ್ಷರ ಚೆನ್ನಾಗಿಯೇ ಇದೆ.

ಇನ್ನೂ ಕೆಟ್ಟದ್ದು ಬೇರೆ ಇದೆ. ‘ಓದಿ ಹೇಳಿದವರು ಯಾರು’ ಎಂದು ನೀನು ಜುಲೈನಲ್ಲಿ ಕೇಳಿದ ಸಾಲನ್ನು ನಿನ್ನ ಅಪ್ಪನಿಗೆ ಓದಲಿಲ್ಲ, ದಾಟಿಸಿಬಿಟ್ಟೆ. ಅವನಿಗೆ ಹೇಗೆ ಗೊತ್ತಾಗಬೇಕು? ಸೆಪ್ಟೆಂಬರಿನ ಕಾಗದವನ್ನಂತೂ ತೋರಿಸಲೇ ಇಲ್ಲ. “ಮಗಳ ಕಾಗದ ಬರಲಿಲ್ಲೇನ್ರಿ?” ಎಂದು ಮೂರು ಸಲ ಕೇಳಿದ. ಮೂರು ಸಲವೂ ಇಲ್ಲ ಎಂದೆ. ಐದು ಹೊತ್ತು ನಮಾಜು ಮಾಡುವ ಬಾಯಿ ಇದು. ಹಜರತಬಿಗೂ ಹೇಳಲಾಗದೆ ಮನೆಯಿಂದ ಮಸೀದಿಗೆ, ಮಸೀದಿಯಿಂದ ಬಸ್‌ಸ್ಟ್ಯಾಂಡಿಗೆ ಸುಮ್ಮನೆ ತಿರುಗಿದೆ.

ನಿನ್ನೆ ಇಲ್ಲಿಗೆ ಬಂದು, ಕೆಸರಿನ ಅಂಚಿನಲ್ಲಿ ಅವನು ಹಾಸಿದ ಕಂಬಳಿಯ ಮೇಲೆ ಕೂತು ನಿನ್ನ ಎಲ್ಲ ಕಾಗದಗಳನ್ನೂ ಮೊದಲಿನಿಂದ ಓದಿದೆ, ಬಿಟ್ಟದ್ದನ್ನೆಲ್ಲ ಸೇರಿಸಿ. ಆಮೇಲೆ ನನ್ನ ತಪ್ಪನ್ನೂ ಹೇಳಿದೆ. ಹೊಳೆಪ್ಪ ಎದ್ದು ಹೋಗಿ ಕುರಿಯ ಕಾಲನ್ನು ಮೈಲುತುತ್ತದ ನೀರಿನಲ್ಲಿ ಅದ್ದತೊಡಗಿದ. ನಾನೂ ಹೋಗಿ ಕುರಿ ಹಿಡಿದುಕೊಂಡೆ. ಬೇಡ ಎನ್ನಲಿಲ್ಲ, ಹಿಡಿ ಎಂದೂ ಹೇಳಲಿಲ್ಲ.

ಬೈಯಬೇಕೆನಿಸಿದರೆ ಬೈ.

ಮೈನೋದ್ದೀನ


ಸ್ಟೇನ್‌ಫೋಂಟೇನ್
20 ಅಕ್ಟೋಬರ್ 2024

ಮಾಸ್ತರ್,

ಬೈಯುತ್ತೇನೆ. ನಿಮಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ ಎಂದಿದ್ದರೆ ಆ ಗುಡ್ಡದ ಮೇಲೆ ಯಾರು ನಗುತ್ತಿದ್ದರು? ತನ್ನ ಹೆಸರನ್ನೂ ಬರೆಯಲು ಬಾರದ ನನ್ನ ಅಪ್ಪನೇ? ತಪ್ಪು ಉತ್ತರಕ್ಕಿಂತ ‘ಗೊತ್ತಿಲ್ಲ ಸರ’ ಎನ್ನುವುದು ಮೇಲು ಎಂದು ನಮಗೆ ಹೇಳುತ್ತಿದ್ದವರು ನೀವು. ನಿಮ್ಮ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ಎರಡು ದಿನ ಅತ್ತೆ. ನನಗೆ ಅಕ್ಷರ ಕಲಿಸಿದ ಕೈ ಅದು.

ಲೆನಾ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅವಳೂ ಬೈಯಬಹುದೆಂದು ಕಾದೆ. ಅವಳು ಕೇಳಿದ್ದೇ ಬೇರೆ: “ನಿಮ್ಮ ಮಾಸ್ತರ ಬದುಕ್ಯಾನಲ್ಲ?”

ಹೌದೆಂದೆ.

“ನಡದಾಡತಾನಲ್ಲ? ಮಾತಾಡತಾನಲ್ಲ? ಹಂಗಾದ್ರ ಕಚೇರಿಗೆ ಹೋಗಿ ಹೇಳಂತ ಹೇಳು. ನಮ್ಮಾಂವ ಹೇಳಲಾರದ ಸತ್ತ.”

ಕಸ್ತೂರಿ


ಹುಕ್ಕೇರಿ
24 ನವೆಂಬರ್ 2024

ಮಗಳು ಕಸ್ತೂರಿಗೆ,

ಹೋಗಿ ಹೇಳಿದೆ.

ಮೊನ್ನೆ ಶುಕ್ರವಾರ ತಹಶೀಲ್ದಾರ್ ಕಚೇರಿಯಲ್ಲಿ ನಮ್ಮ ಅರ್ಜಿಯ ವಿಚಾರಣೆ ಇತ್ತು. ಹದಿನೆಂಟು ಜನರೂ ಬಂದಿದ್ದರು. ಆ ಪುಣೆಯ ಮನುಷ್ಯ ಬರಲಿಲ್ಲ, ಕಂಪನಿಯ ಕಡೆಯಿಂದ ಒಬ್ಬ ಎಳೆಯ ವಕೀಲ ಬಂದಿದ್ದ. ಮನೆಯಲ್ಲಿ ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಹಜರತಬಿ ಕಂಡು, “ಮದವಿ ದಿನಾನೂ ಇಷ್ಟ ಕನ್ನಡಿ ನೋಡಿರಲಿಲ್ಲ ನೀವು” ಎಂದಳು. ಅಲ್ಲಿ ನಿಂತಾಗ ಕಲಿತದ್ದೆಲ್ಲ ಮರೆತುಹೋಯಿತು.

“ಮೂವತ್ತಾರು ವರ್ಷ ಮಾಸ್ತರಕಿ ಮಾಡೀರಿ. ಎರಡ ಪುಟ ಓದಾಕ ಬರಲಿಲ್ಲನ್ರಿ?” ಎಂದು ವಕೀಲ ಕೇಳಿದ.

“ಓದಾಕ ಬಂತ್ರಿ. ತಿಳೀಲಿಲ್ಲ,” ಎಂದೆ. “ತಿಳೀಲಿಲ್ಲ ಅಂತ ಹೇಳಾಕ ನಾಚಿಕಿ ಬಂತು. ಇವರಿಗೆಲ್ಲಾ ಒಂದ ವರ್ಷ ಅಂತ ಹೇಳಿದಾಂವ ನಾನ. ಇವರು ಒತ್ತಿದ್ದು ನನ್ನ ಮಾತಿಗೆ, ಆ ಕಾಗದಕ್ಕಲ್ಲ.”

ಯಾರೋ ಹಿಂದೆ ಕೆಮ್ಮಿದರು. ನನ್ನ ಹಳೆಯ ವಿದ್ಯಾರ್ಥಿ ಶೆಟ್ಟೆಪ್ಪ ಅಲ್ಲಿ ಗುಮಾಸ್ತನಾಗಿದ್ದಾನೆ, ಅವನು ತಲೆಯೆತ್ತದೆ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದ. ತಹಶೀಲ್ದಾರ ಸಾಹೇಬರು ಕುರುಬರ ಹೇಳಿಕೆಯನ್ನೂ ತೆಗೆದುಕೊಂಡರು. ಲಗಮಣ್ಣ ತನ್ನ ಅಜ್ಜ ಕರಿಗುಡ್ಡದಲ್ಲಿ ಕಟ್ಟಿಸಿದ, ಕುರಿ ನೀರು ಕುಡಿಯುವ ತೊಟ್ಟಿಯ ಸುದ್ದಿ ಹೇಳಿದ. ವಿಚಾರಣೆ ಮುಗಿಯುವ ತನಕ ಬೇಲಿಯ ಕೆಲಸ ನಿಲ್ಲಬೇಕು, ಗೇಟಿಗೆ ಬೀಗ ಹಾಕಬಾರದು ಎಂದು ಆದೇಶವಾಗಿದೆ. ಗುಡ್ಡ ನಮ್ಮದೆಂದು ಯಾರೂ ಹೇಳಿಲ್ಲ. ಕಂಪನಿ ಮೇಲಿನ ಕಚೇರಿಗೆ ಹೋಗುತ್ತದಂತೆ. ಮುಂದಿನ ಮಳೆಗಾಲಕ್ಕೆ ಏನೋ ಗೊತ್ತಿಲ್ಲ. ನಲವತ್ತರಲ್ಲಿ ಹನ್ನೆರಡು ಕುರಿ ಉಳಿಯಲಿಲ್ಲ, ಅದನ್ನೂ ಬರೆಯಬೇಕು.

ಹೇಳಿಕೆಯನ್ನು ಟೈಪ್ ಮಾಡಿ ತಂದರು, ನನ್ನದೂ ನಿನ್ನ ಅಪ್ಪನದೂ ಬೇರೆ ಬೇರೆ. ಕನ್ನಡದಲ್ಲಿಯೇ ಇತ್ತು. ಓದಿ ನೋಡಿ ಒತ್ತಿರಿ ಎಂದರು. ಹೊಳೆಪ್ಪ ತನ್ನ ಹಾಳೆಯನ್ನು ಹಿಡಿದು ಸುತ್ತಲೂ ನೋಡಿದ. ಓದಲು ಬಲ್ಲವರು ಅಲ್ಲಿ ಬೇಕಾದಷ್ಟು ಜನ ಇದ್ದರು. ಶೆಟ್ಟೆಪ್ಪನೇ ಕೈ ಚಾಚಿದ. ನಿನ್ನ ಅಪ್ಪ ಹಾಳೆಯನ್ನು ನನ್ನ ಕೈಗೆ ಕೊಟ್ಟ.

ನಾನು ಒಂದೊಂದು ಶಬ್ದವನ್ನೂ ಬೆರಳಿಟ್ಟು ಓದಿದೆ, ಒಂದನೆಯ ಇಯತ್ತೆಯ ಹುಡುಗರಿಗೆ ಓದುವ ಹಾಗೆ. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಹೆಬ್ಬೆಟ್ಟನ್ನು ಮಸಿಗೆ ಒತ್ತಿದ. ಕಾಗದದ ತನಕ ತಂದು, ಹಾಗೇ ತಡೆದು ಹಿಡಿದುಕೊಂಡ.

“ಮಾಸ್ತರ,” ಎಂದ, “ಏನೂ ಬಿಟ್ಟಿಲ್ಲಲ್ರೀ?”

ನಾವು ಗೆಳೆಯರಾಗಿ ನಲವತ್ತು ವರ್ಷದ ಮೇಲಾಯಿತು. ಅವನು ನನ್ನನ್ನು ಹಾಗೆ ಕೇಳಿದ್ದು ಇದೇ ಮೊದಲು. ಎಲ್ಲರ ಎದುರಿಗೆ ಕಣ್ಣೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಇಲ್ಲ ಎಂದೆ. ಆಮೇಲೆ, ಅವನು ಕೇಳದಿದ್ದರೂ, ಮತ್ತೊಮ್ಮೆ ಮೊದಲ ಸಾಲಿನಿಂದ ಓದಿದೆ. ಅವನು ಅಷ್ಟು ಹೊತ್ತೂ ಮಸಿ ಹತ್ತಿದ ಬೆರಳನ್ನು ಮೇಲೆ ಹಿಡಿದುಕೊಂಡೇ ಕಾದ.

ಮೈನೋದ್ದೀನ